ಸಹಸ್ರಪದಿಯ ಸಂಸಾರ

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ತಣಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಮನೆಗಳಲ್ಲಿ ಬೆಳಗಿನ ಕಸಗುಡಿಸುವ ಕೆಲಸದೊಡನೆ ಇನ್ನೊಂದು ಕೆಲಸವೂ ಸೇರಿಕೊಳ್ಳುತ್ತದೆ. ಜಗಲಿಯ ಮೂಲೆಯಲ್ಲಿ, ಬಚ್ಚಲಿನ ಗೋಡೆಯ ಮೇಲೆ, ಸೌದೆಯ ರಾಶಿಯ ಸಂದುಗಳಲ್ಲಿ ಎಲ್ಲಿ ನೋಡಿದರೂ ಚೋರಟೆಗಳು. ಪೊರಕೆಯ ಕಡ್ಡಿ ತಾಗಿದೊಡನೆಯೆ ಅವು ಚಕ್ಕುಲಿಯಂತೆ ಸುತ್ತಿಕೊಂಡು ಬಿದ್ದುಬಿಡುತ್ತವೆ. ಕಸದೊಡನೆ ಅಂಗಳದ ಆಚೆಗೆ ಹೋಗುತ್ತವೆ. ಮರುದಿನ ಮತ್ತೆ ಬರುತ್ತವೆ. ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಸಹಸ್ರಪದಿಯೆಂಬ ಭವ್ಯವಾದ ಹೆಸರನ್ನು ಹೊತ್ತಿರುವ ಈ ಜೀವಿಯನ್ನು ಮನೆಯಿಂದ ಹೊರಹಾಕುವ ಬದಲು ಒಂದು ಮಡಕೆಯೊಳಗಿಟ್ಟು ಸಾಕಿ, ಅದರ ಮರಿಮಕ್ಕಳನ್ನು ಕಾಣಬಹುದೆಂದು ನಾವು ಹೇಳಿದರೆ ವಾಚಕರಲ್ಲಿ ಕೆಲವರಾದರೂ ನಕ್ಕಾರು. ಆದರೂ ಈ ಹವ್ಯಾಸಕ್ಕೆ ಮಲೆನಾಡಿನ ಮನೆಯಷ್ಟು ಅನುಕೂಲವಾದ ಸ್ಥಳ ಲೋಕದಲ್ಲಿ ಹೆಚ್ಚಿಲ್ಲ. ಯುರೋಪು ಅಮೆರಿಕಗಳ ಹವ್ಯಾಸಿಗಳು ಆಫ್ರಿಕದ ಒಂದಡಿ ಉದ್ದದ ದೈತ್ಯ ಸಹಸ್ರಪದಿಯನ್ನು ಹಣ ಕೊಟ್ಟು ತರಿಸಿ, ಗಾಜಿನ ಪೆಟ್ಟಿಗೆಗೆ ವಿದ್ಯುತ್ತಿನಿಂದ ಕಾವು ಕೊಟ್ಟು, ದಿನವೂ ನೀರು ಸಿಂಪಡಿಸಿ ಯಾವ ಹವೆಯನ್ನು ಕಷ್ಟದಿಂದ ಉಂಟುಮಾಡುತ್ತಾರೆಯೋ ಆ ಹವೆ ನಮ್ಮ ಹಿತ್ತಿಲಲ್ಲಿ ಜೂನ್‌ನಿಂದ ಅಕ್ಟೋಬರಿನವರೆಗೆ ತಾನಾಗಿಯೇ ಇರುತ್ತದೆ.

ಮೊದಲು ಒಂದು ಭಯವನ್ನು ಕಳೆಯಬೇಕು. ಚೋರಟೆ ಕಚ್ಚುವುದಿಲ್ಲ. ಕಚ್ಚುವುದು ಜರಿ, ಅಂದರೆ ಶತಪದಿ. ಶತಪದಿಯು ಮಾಂಸಾಹಾರಿ, ಅದರ ಮೊದಲನೆಯ ಜೊತೆ ಕಾಲುಗಳೇ ವಿಷದ ಕೊಂಡಿಗಳಾಗಿ ಮಾರ್ಪಟ್ಟಿವೆ, ಅದು ಚಪ್ಪಟೆಯಾಗಿ, ಚುರುಕಾಗಿ, ಕಾಲುಗಳನ್ನು ಎರಡೂ ಪಕ್ಕಕ್ಕೆ ಚಾಚಿಕೊಂಡು ಓಡುತ್ತದೆ, ಅದರ ಮೈಯ ಒಂದೊಂದು ಉಂಗುರಕ್ಕೆ ಒಂದೊಂದೇ ಜೊತೆ ಕಾಲು. ಸಹಸ್ರಪದಿಯಾದರೋ ಕೊಳೆತ ಎಲೆಯನ್ನು ತಿಂದು ಬದುಕುವ ಸಾಧು. ಕತ್ತಿನ ಬಳಿಯ ಮೊದಲನೆಯ ಉಂಗುರಕ್ಕೆ ಕಾಲೇ ಇಲ್ಲ; ಮುಂದಿನ ಮೂರಕ್ಕೆ ಒಂದೊಂದು ಜೊತೆ; ಅಲ್ಲಿಂದ ಮುಂದೆ ಉಂಗುರಕ್ಕೆ ಎರಡೆರಡು ಜೊತೆ. ಎರಡೆರಡು ಉಂಗುರಗಳು ಕೂಡಿ ಒಂದಾಗಿರುವುದೇ ಇದಕ್ಕೆ ಕಾರಣ. ಕಾಲುಗಳು ಹೊಟ್ಟೆಯ ಅಡಿಯಲ್ಲಿರುವುದರಿಂದ ಅದು ಓಡಲಾರದು. ಆದರೆ ಅಷ್ಟೂ ಕಾಲುಗಳ ಬಲವನ್ನು ಒಟ್ಟುಗೂಡಿಸಿ ತಲೆಯನ್ನು ಮಣ್ಣಿನೊಳಕ್ಕೆ ನೂಕಬಲ್ಲದು. ಅದರ ನಡೆ ಓಟಕ್ಕಾಗಿ ಹುಟ್ಟಿದ್ದಲ್ಲ, ಅಗೆತಕ್ಕಾಗಿ ಹುಟ್ಟಿದ್ದು.

ಸಾವಿರ ಕಾಲುಗಳ ಮಾತು ಬಹುಕಾಲ ಬರಿಯ ಅಲಂಕಾರವಾಗಿಯೇ ಇತ್ತು. ನಮ್ಮ ಅಂಗಳದ ಚೋರಟೆಗೆ ಇನ್ನೂರು ಕಾಲುಗಳಿದ್ದರೆ ಹೆಚ್ಚು. ಕ್ಯಾಲಿಫೋರ್ನಿಯದ ಒಂದು ಜಾತಿಯಲ್ಲಿ ಎಣಿಸಿದ 750 ಕಾಲುಗಳೇ ಬಹಳ ವರ್ಷ ದಾಖಲೆಯಾಗಿದ್ದವು. 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಖನಿಜಶೋಧಕರು ಕೊರೆದ ಬಾವಿಯೊಂದರಲ್ಲಿ, ನೆಲದಿಂದ ಸುಮಾರು 60 ಮೀಟರ್ ಕೆಳಗೆ, ಕಣ್ಣಿಲ್ಲದ, ದಾರದಂತಿರುವ ಒಂದು ಜೀವಿ ದೊರೆಯಿತು. ಅದಕ್ಕೆ 1,306 ಕಾಲುಗಳು! ಹೆಸರು ಸಾರ್ಥಕವಾದದ್ದು ಹೀಗೆ, ಅದೂ ತೀರ ಈಚೆಗೆ.

ಕಚ್ಚದ ಪ್ರಾಣಿಗೆ ಆತ್ಮರಕ್ಷಣೆಯ ಉಪಾಯವಿಲ್ಲವೆಂದು ತಿಳಿಯಬಾರದು. ಉದ್ದನೆಯ ಚೋರಟೆಗಳ ಮೈಯ ಎರಡು ಪಕ್ಕಗಳಲ್ಲಿಯೂ ಸಣ್ಣ ರಂಧ್ರಗಳ ಸಾಲುಗಳಿವೆ. ಪ್ರಾಣಿಯನ್ನು ಗಟ್ಟಿಯಾಗಿ ಹಿಡಿದರೆ ಆ ರಂಧ್ರಗಳಿಂದ ಹಳದಿ ಕಂದು ಬಣ್ಣದ ದ್ರವ ಒಸರುತ್ತದೆ. ಅದು ಬೆರಳಿಗೆ ಹತ್ತಿದರೆ ಕೆಲವು ದಿನ ಹೋಗದ ಕಲೆಯಾಗುತ್ತದೆ. ಬೆಂಜೊಕ್ವಿನೋನುಗಳೆಂಬ ರಾಸಾಯನಿಕಗಳು ಅದರಲ್ಲಿವೆ. ಚರ್ಮಕ್ಕೆ ಇದರಿಂದ ಹೆಚ್ಚಿನ ಅಪಾಯವಿಲ್ಲದಿದ್ದರೂ ಕಣ್ಣಿಗೆ ತಾಗಿದರೆ ತೀವ್ರವಾದ ಉರಿಯೂ ಗಾಯವೂ ಆಗಬಹುದು. ಚಪ್ಪಟೆ ಬೆನ್ನಿನ ಬೇರೊಂದು ಗುಂಪಿನ ಚೋರಟೆಗಳು ಇದಕ್ಕಿಂತ ಮುಂದೆ ಹೋಗಿವೆ. ಅವು ಸೂಸುವುದು ಹೈಡ್ರೊಜನ್ ಸಯನೈಡ್ ಅನಿಲವನ್ನು. ಕಹಿಬಾದಾಮಿಯ ವಾಸನೆ ಬಂದರೆ ಅದು ಈ ಗುಂಪಿನದೆಂದು ತಿಳಿಯಬೇಕು. ಪ್ರಮಾಣ ಅತ್ಯಲ್ಪವಾದುದರಿಂದ ಮನುಷ್ಯನಿಗೆ ಭಯವಿಲ್ಲ. ಆದರೆ ಗಾಳಿಯಾಡದ ಸೀಸೆಯಲ್ಲಿ ಹತ್ತಾರು ಹುಳುಗಳನ್ನು ತುಂಬಿ ಕುಲುಕಿದರೆ ಅವು ತಮ್ಮ ವಿಷದಿಂದ ತಾವೇ ಸಾಯುತ್ತವೆ. ಚೋರಟೆಯನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈತೊಳೆಯುವವರೆಗೆ ಕಣ್ಣುಜ್ಜಬಾರದೆಂಬ ಒಂದು ನಿಯಮವನ್ನು ಮನೆಯಲ್ಲಿ ಮಾಡಿದರೆ ಸಾಕು. ವೆನೆಜುವೇಲದ ಕಾಡಿನಲ್ಲಿ ಕಪುಚಿನ್ ಜಾತಿಯ ಮಂಗಗಳು ಸಹಸ್ರಪದಿಯನ್ನು ಹಿಡಿದು ಮೈಗೆಲ್ಲ ಉಜ್ಜಿಕೊಂಡು ಸೊಳ್ಳೆಗಳಿಂದ ಪಾರಾಗುತ್ತವೆಯೆಂದು ವಿಜ್ಞಾನಿಗಳು ಕಂಡಿದ್ದಾರೆ. ಜಾಣತನವೇ ಸರಿ, ಆದರೆ ಅನುಕರಣೆಗೆ ಯೋಗ್ಯವೆಂದು ನಾವು ಹೇಳಲಾರೆವು.

ಈಗ, ಯಾವ ಚೋರಟೆಯನ್ನು ಸಾಕಬೇಕು? ಈ ಲೇಖನದ ಮುಖ್ಯ ಪ್ರಶ್ನೆ ಇದೇ. ಭಾರತದ ಸಹಸ್ರಪದಿಗಳನ್ನು ಕುರಿತು ಆಸ್ಟ್ರಿಯದ ಕಾರ್ಲ್ ಆಟೆಮ್ಸ್ ಎಂಬ ಪಂಡಿತನು ಬರೆದ ದೊಡ್ಡ ಗ್ರಂಥ 1936ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಿಂದ ಪ್ರಕಟವಾಯಿತು. 2016ರಲ್ಲಿ ಗೊಲೊವಾಚ್ ಮತ್ತು ವೆಸೆನರ್ ಎಂಬಿಬ್ಬರು ಸಿದ್ಧಪಡಿಸಿದ ಪಟ್ಟಿಯಲ್ಲಿ ಸುಮಾರು 270 ಪ್ರಭೇದಗಳಿವೆ. ಇವೆಲ್ಲವನ್ನೂ ಗುರುತಿಸುವ ಗೋಜಿಗೆ ಹೋಗದೆ, ಮಲೆನಾಡಿನ ಮನೆಯವರು ಎರಡನ್ನು ಬೇರೆಬೇರೆಯಾಗಿ ತಿಳಿದುಕೊಂಡರೆ ಸಾಕು.

ಒಂದು, ಕೊಟ್ಟಿಗೆಯ ಗೊಬ್ಬರಗುಂಡಿಯ ಸುತ್ತ, ಬಾಳೆಯ ಬುಡದಲ್ಲಿ, ಹೂಕುಂಡದ ಅಡಿಯಲ್ಲಿ ಕಾಣುವ, ಕಬ್ಬಿಣದ ತುಕ್ಕಿನಂತೆ ಕೆಂಪಾದ, ಬೆರಳುದ್ದದ ಚೋರಟೆ. ಅದರ ಹೆಸರು ಟ್ರೈಗೋನಿಯುಲಸ್ ಕೊರಾಲಿನಸ್. ಇದು ನಮ್ಮ ಕಾಡಿನ ಮೂಲನಿವಾಸಿಯಲ್ಲ. ಆಗ್ನೇಯ ಏಷ್ಯದಲ್ಲಿ ಹುಟ್ಟಿ, ಗಿಡಗಳ ಬೇರಿನ ಮಣ್ಣಿನೊಡನೆ ಪ್ರಯಾಣಮಾಡಿ ಭಾರತ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಫ್ಲಾರಿಡಗಳವರೆಗೆ ಹಬ್ಬಿದ ಸಂಚಾರಿ. ಮನುಷ್ಯನ ಕಸವನ್ನು ನಂಬಿ ಬದುಕುವ ಈ ಪ್ರಾಣಿ ಡಬ್ಬದಲ್ಲಿಯೂ ಸಲೀಸಾಗಿ ಸಂಸಾರ ಹೂಡುತ್ತದೆ.

ಇನ್ನೊಂದು, ಘಟ್ಟದ ಕಾಡಿನದು. ಆಗುಂಬೆಯ ಸುತ್ತಿನಂತಹ ದಟ್ಟ ಮಳೆಯ ಕಾಡುಗಳಲ್ಲಿ ಎಲೆಯ ಹಾಸನ್ನು ಸರಿಸಿದಾಗ ಕಂದು ಅಥವಾ ಕಪ್ಪು ಬಣ್ಣದ, ಹೊಳೆಯುವ ದೊಡ್ಡ ಗೋಲಿಯಂತಹದೊಂದು ಉರುಳಿ ಬೀಳುತ್ತದೆ. ಕೈಯಲ್ಲಿ ಹಿಡಿದು ಸುಮ್ಮನೆ ಕಾದರೆ ಆ ಗೋಲಿ ಬಿರಿದು ಎರಡು ಮೀಸೆಗಳು ಹೊರಬರುತ್ತವೆ. ಇದೂ ಸಹಸ್ರಪದಿಯೇ, ಬೆನ್ನಿನ ಮೇಲೆ ಕೇವಲ 13 ಫಲಕಗಳು, ನಡೆಯುವುದಕ್ಕೆ 21 ಜೊತೆ ಕಾಲುಗಳು. ಆರ್ತ್ರೋಸ್ಫೀರಾ ಎಂಬ ಈ ಕುಲವು ಮುಖ್ಯವಾಗಿ ದಕ್ಷಿಣ ಭಾರತಕ್ಕೂ ಸಿಂಹಳಕ್ಕೂ ಸೇರಿದ್ದು. ನಾವು ಇದನ್ನು ಚೆಂಡುಚೋರಟೆಯೆಂದು ಕರೆಯೋಣ. ಇದಕ್ಕೆ ವಿಷದ ಗ್ರಂಥಿಗಳೇ ಇಲ್ಲ. ಮುಚ್ಚಿಕೊಂಡ ಬಾಗಿಲೊಂದೇ ಅದರ ರಕ್ಷಣೆ. ನೋಡಿದವರಿಗೆಲ್ಲ ಮನೆಗೆ ಒಯ್ಯಬೇಕೆನ್ನಿಸುವ ಚೆಲುವು ಇದಕ್ಕಿದೆ. ಆದರೆ ಒಯ್ಯಬಾರದು. ಇದರ ಬಳಗದ ದೊಡ್ಡ ಜಾತಿಗಳನ್ನು ಮಡಗಾಸ್ಕರಿನಿಂದ ತರಿಸಿಕೊಂಡ ಹೊರದೇಶದ ಹವ್ಯಾಸಿಗಳ ಅನುಭವ ಬಹುಮಟ್ಟಿಗೆ ಒಂದೇ: ಕೆಲವು ತಿಂಗಳು ಚೆನ್ನಾಗಿರುವಂತೆ ಕಂಡು, ಎಲೆಗಳ ನಡುವೆಯೇ ಅವು ಸಾಯುತ್ತವೆ. ತನ್ನ ಕಾಡಿನ ಮಣ್ಣು, ಅಲ್ಲಿಯ ಶಿಲೀಂಧ್ರ, ಅಲ್ಲಿಯ ಕೊಳೆತ ಇವಿಲ್ಲದೆ ಅದಕ್ಕೆ ಆಹಾರ ಒಗ್ಗುವುದಿಲ್ಲ. ಅದರ ಬೆಳವಣಿಗೆಯೂ ನಿಧಾನ. ಶರಾವತಿ ಕಣಿವೆಯಂತಹ ಅಭಯಾರಣ್ಯಗಳಿಂದ ಯಾವ ಜೀವಿಯನ್ನೂ ಅನುಮತಿಯಿಲ್ಲದೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಸಾಕುವುದು ಹಿತ್ತಿಲಿನ ತುಕ್ಕುಬಣ್ಣದ್ದನ್ನು. ನೋಡಿ ಬರುವುದು ಕಾಡಿನ ಚೆಂಡನ್ನು.

ಸಾಕಣೆಗೆ ಬೇಕಾದ ಪಾತ್ರೆ ಏನೂ ವಿಶೇಷದ್ದಲ್ಲ. ಮೀನಿನ ಹಳೆಯ ಗಾಜಿನ ತೊಟ್ಟಿಯಾದರೆ ಒಳಗಿನ ವ್ಯಾಪಾರವೆಲ್ಲ ಕಾಣುತ್ತದೆ; ಅಗಲ ಬಾಯಿಯ ಮಣ್ಣಿನ ಮಡಕೆಯಾದರೆ ತೇವ ಸಮನಾಗಿ ನಿಲ್ಲುತ್ತದೆ. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಮುಖ್ಯವಾದದ್ದು ಒಳಗೆ ತುಂಬುವ ಮಣ್ಣು, ಏಕೆಂದರೆ ಚೋರಟೆಗೆ ಅದೇ ಹಾಸಿಗೆ, ಅದೇ ಊಟ, ಅದೇ ಹೆರಿಗೆಯ ಮನೆ. ಕೊಳೆತು ಪುಡಿಯಾಗುತ್ತಿರುವ ಎಲೆ ಮೂರು ಪಾಲು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬೆಳ್ಳಗೆ ಕೊಳೆತ ಮರ ಒಂದು ಪಾಲು, ತೋಟದ ಮಣ್ಣು ಒಂದು ಪಾಲು. ಇದನ್ನು ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಆಳ ತುಂಬಿ, ಮೇಲೆ ಇಡಿಯ ತರಗೆಲೆಗಳನ್ನು ಹಾಸಬೇಕು. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸುರಿಯಬಾರದು. ತೇವದ ಅಳತೆ ಇಷ್ಟೆ. ಚೋರಟೆಯ ಚಿಪ್ಪಿನಲ್ಲಿ ಸುಣ್ಣದಂಶ ಬಹಳವಿರುವುದರಿಂದ ಮೊಟ್ಟೆಯ ಓಡನ್ನು ಒಣಗಿಸಿ ಪುಡಿಮಾಡಿ ಬೆರೆಸುವುದು ಅಗತ್ಯ. ಮೊಟ್ಟೆ ತರದ ಮನೆಗಳವರು ಕಡಲತೀರದ ಚಿಪ್ಪುಗಳನ್ನು ಕುಟ್ಟಿ ಹಾಕಬಹುದು. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಹಾಕಬಾರದು, ಅದು ಸುಡುತ್ತದೆ. ಹತ್ತು ದಿನಕ್ಕೊಮ್ಮೆ ಸೌತೆಯ ಹೋಳನ್ನೋ ಬಾಳೆಹಣ್ಣಿನ ಚೂರನ್ನೋ ಇಟ್ಟರೆ ರಾತ್ರಿಯ ವೇಳೆ ಎಲ್ಲರೂ ಮೇಲೆ ಬಂದು ಪಂಕ್ತಿಯಲ್ಲಿ ಕೂಡುತ್ತಾರೆ; ಮರುದಿನ ಉಳಿದದ್ದನ್ನು ತೆಗೆದುಹಾಕಬೇಕು.

ಎಲೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳಬೇಕಾಗಿದೆ. ಹಸಿರೆಲೆಯನ್ನು ಚೋರಟೆ ಮುಟ್ಟುವುದಿಲ್ಲ. ಈಗ ತಾನೇ ಉದುರಿದ ಎಲೆಯ ಒಗರೂ ಅದಕ್ಕೆ ಸೇರದು. ಒಂದು ಮಳೆಗಾಲ ನೆನೆದು, ಒಗರು ತೊಳೆದುಹೋಗಿ, ಬೂಷ್ಟು ಹಿಡಿದು ನರಗಳು ಮಾತ್ರ ಬಲೆಯಂತೆ ಉಳಿಯುತ್ತಿರುವ ಎಲೆಯೇ ಅದಕ್ಕೆ ಪಕ್ವಾನ್ನ. ಹಲಸು, ಮಾವು, ಮತ್ತಿ, ಹೊನ್ನೆ ಇವೆಲ್ಲ ಆಗಬಹುದು. ನೀಲಗಿರಿಯ ತೈಲದ ಎಲೆ ಬೇಡ. ಅಕೇಶಿಯದ ಚರ್ಮದಂತಹ ಎಲೆ ಕರಗುವುದು ಬಲು ತಡ.

ಅಡಿಕೆಯ ಮರದ ಕೆಳಗಿನ ಎಲೆಕಸ ಸುಲಭವಾಗಿ ಕೈಗೆ ಸಿಗುವುದಾದರೂ ಅಲ್ಲೊಂದು ತೊಡಕಿದೆ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಮೈಸೂರು ಸಂಸ್ಥಾನದ ಸಸ್ಯರೋಗತಜ್ಞ ಲೆಸ್ಲಿ ಕೋಲ್‌ಮನ್ ಸುಮಾರು 1910ರಲ್ಲಿ ಮಲೆನಾಡಿನ ತೋಟಗಳಿಗೆ ಕಲಿಸಿಕೊಟ್ಟರು. ಆ ಉಪಕಾರವನ್ನು ಅಡಿಕೆ ಬೆಳೆಗಾರರು ಮರೆಯಲಾರರು. ಆದರೆ ಮೈಲುತುತ್ತದ ತಾಮ್ರ ಕೊಳೆಯುವ ವಸ್ತುವಲ್ಲ. ಮಳೆಯೊಡನೆ ಇಳಿದು ಎಲೆಕಸದಲ್ಲಿಯೂ ಮೇಲ್ಮಣ್ಣಿನಲ್ಲಿಯೂ ನಿಲ್ಲುತ್ತದೆ, ಮತ್ತು ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಶಿಲೀಂಧ್ರವನ್ನು ತಿಂದು ಬದುಕುವವರಿಗೂ ಒಳ್ಳೆಯದಲ್ಲ. ಸಾಕಣೆಯ ಮಡಕೆಗೆ ದ್ರಾವಣ ಬಿದ್ದ ಮರಗಳ ಕೆಳಗಿನ ಕಸ ಬೇಡ. ಔಷಧಿ ತಾಗದ ಹಿತ್ತಿಲಿನ ಮರದ ಎಲೆಯೇ ಲೇಸು.

ಇನ್ನು ಸೊಪ್ಪಿನಬೆಟ್ಟದ ದರಗು. ಇಲ್ಲಿ ನಾವು ಗಟ್ಟಿಯಾಗಿಯೇ ಎಚ್ಚರಿಕೆ ಕೊಡಬೇಕಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರಿಗೆ ಜ್ವರ ಬಂದು, ಲೋಕಕ್ಕೆ ತಿಳಿದುಬಂದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳನ್ನು ಬಿಟ್ಟುಹೋಗಿಲ್ಲ. 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಅದು ಮಾಡಿದ ಹಾನಿಯನ್ನು ಆ ಸೀಮೆಯವರು ಇನ್ನೂ ಮರೆತಿಲ್ಲ. ರೋಗವನ್ನು ಹರಡುವುದು ಉಣುಗು. ಅದರಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣದಾದ ಮರಿ ಉಣುಗುಗಳು. ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅವು ಒಣ ತರಗೆಲೆಗಳಲ್ಲಿ ಕಾದಿರುತ್ತವೆ. 2011-12ರಲ್ಲಿ ಶಿವಮೊಗ್ಗ ಜಿಲ್ಲೆಯ ರೋಗಿಗಳನ್ನು ಕುರಿತು ನಡೆದ ಪರಿಶೀಲನೆಯಲ್ಲಿ ಮನೆಯ ಬಳಿ ತರಗೆಲೆಯ ರಾಶಿ ಹಾಕಿಕೊಂಡವರಿಗೆ ಅಪಾಯ ಹೆಚ್ಚೆಂದು ಕಂಡುಬಂದಿತು. ಒಂದು ಮಡಕೆ ಹುಳುವಿಗಾಗಿ ಬೇಸಿಗೆಯಲ್ಲಿ ಕಾಡಿನ ದರಗನ್ನು ಮನೆಯೊಳಗೆ ತರುವುದು ಶುದ್ಧ ಅವಿವೇಕ. ವರ್ಷಕ್ಕೆ ಬೇಕಾಗುವ ಎಲೆಯನ್ನು ಜುಲೈ ಆಗಸ್ಟಿನ ಜಡಿಮಳೆಯಲ್ಲಿ, ಮನೆಯ ಹಿತ್ತಿಲಿನಿಂದಲೇ, ನೆನೆದ ಸ್ಥಿತಿಯಲ್ಲಿ ಆಯ್ದು ತರಬೇಕು. ಕುದಿಯುವ ನೀರು ಸುರಿದು ಆರಿಸಿ, ಮುಚ್ಚಿದ ಡಬ್ಬದಲ್ಲಿಟ್ಟುಕೊಳ್ಳಬೇಕು. ಕುದಿನೀರಿನಿಂದ ಬೂಷ್ಟೂ ಸಾಯುವುದು ನಿಜ. ಆದರೆ ಹಳೆಯ ಮಡಕೆಯ ಒಂದು ಹಿಡಿ ಮಣ್ಣನ್ನು ಬೆರೆಸಿ ಮೂರು ನಾಲ್ಕು ವಾರ ಬಿಟ್ಟರೆ ಅದು ಮತ್ತೆ ಹಿಡಿಯುತ್ತದೆ.

ಹೀಗೆ ಅಣಿಮಾಡಿದ ಮಡಕೆಗೆ ಆರೋ ಎಂಟೋ ಬೆಳೆದ ಚೋರಟೆಗಳನ್ನು ಬಿಟ್ಟರೆ ಸಾಕು. ಗಂಡು ಹೆಣ್ಣುಗಳನ್ನು ಗುರುತಿಸುವುದು ಕಷ್ಟವಲ್ಲ. ಹುಳುವನ್ನು ಗಾಜಿನ ಮೇಲೆ ನಡೆಯಬಿಟ್ಟು ಕೆಳಗಿನಿಂದ ನೋಡಬೇಕು. ತಲೆಯಿಂದ ಏಳನೆಯ ಉಂಗುರದಲ್ಲಿ ಕಾಲುಗಳ ಸಾಲು ಕಡಿದಂತೆ ಒಂದು ಬರಿದು ಜಾಗ ಕಂಡರೆ ಅದು ಗಂಡು. ಸಾಲು ಅಖಂಡವಾಗಿದ್ದರೆ ಹೆಣ್ಣು. ಗಂಡಿನಲ್ಲಿ ಆ ಉಂಗುರದ ಕಾಲುಗಳು ನಡೆಯುವ ಕೆಲಸವನ್ನು ಬಿಟ್ಟು ಬೀಜವನ್ನು ಹೆಣ್ಣಿಗೆ ತಲುಪಿಸುವ ಉಪಕರಣಗಳಾಗಿವೆ. ಪ್ರಾಣಿಶಾಸ್ತ್ರಜ್ಞರು ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಬಹಳಮಟ್ಟಿಗೆ ಈ ಉಪಕರಣದ ಆಕಾರವನ್ನು ನೋಡಿಯೇ.

ಚೆಂಡುಚೋರಟೆಯ ಮದುವೆ ಇದಕ್ಕಿಂತ ಸ್ವಾರಸ್ಯವಾದದ್ದು. ಗಂಡು ಬಂದು ಮುಟ್ಟಿದೊಡನೆ ಹೆಣ್ಣು ಹೆದರಿ ಗೋಲಿಯಾಗಿಬಿಡುತ್ತದೆ. ಮುಚ್ಚಿದ ಆ ಗೋಲಿಯನ್ನು ಬಲದಿಂದ ಬಿಡಿಸುವುದು ಗಂಡಿನಿಂದ ಸಾಧ್ಯವಿಲ್ಲ. ಆಗ ಅದು ಹಾಡುತ್ತದೆ! ಗಂಡಿನ ಮೈಯ ಹಿಂತುದಿಯಲ್ಲಿರುವ ಇಕ್ಕಳದಂತಹ ಅಂಗಗಳ ಮೇಲೆ ಸಣ್ಣ ಗೀರುಗಳಿವೆ. ಅವುಗಳನ್ನು ಉಜ್ಜಿ ಅದು ಸಣ್ಣ ಶಬ್ದವನ್ನೂ ಕಂಪನವನ್ನೂ ಹೊರಡಿಸುತ್ತದೆ. ಬಂದವನು ಶತ್ರುವಲ್ಲ, ಸ್ವಜಾತಿಯವನೆಂಬ ಆ ಸೂಚನೆ ಒಪ್ಪಿಗೆಯಾದರೆ ಹೆಣ್ಣು ನಿಧಾನವಾಗಿ ಸುರುಳಿ ಬಿಚ್ಚುತ್ತದೆ. ಜರ್ಮನಿಯ ಥಾಮಸ್ ವೆಸೆನರ್ ಮತ್ತು ಅವರ ಸಂಗಡಿಗರು ಈ ಬಳಗದ ಹಾಡುಗಳನ್ನು 2011ರಲ್ಲಿ ವಿವರಿಸಿದ್ದಾರೆ. ನಮ್ಮ ಆರ್ತ್ರೋಸ್ಫೀರಾದ ಹೆಣ್ಣಿಗೂ ಇಂತಹ ಗೀರುಗಳಿರುವುದು ವಿಶೇಷ. ಘಟ್ಟದ ಕಾಡಿನಲ್ಲಿ ಜೀರುಂಡೆಗಳ ಅಬ್ಬರದ ಕೆಳಗೆ, ಎಲೆಯ ಮರೆಯಲ್ಲಿ, ಇಂತಹದೊಂದು ಸಂಭಾಷಣೆ ನಡೆದಿರುತ್ತದೆಯೆಂದು ತಿಳಿದ ಮೇಲೆ ಅಲ್ಲಿ ಕಾಲಿಡುವ ರೀತಿಯೇ ಬದಲಾಗುತ್ತದೆ.

ಮಡಕೆಗೆ ಹಿಂದಿರುಗೋಣ. ಗರ್ಭ ಧರಿಸಿದ ತುಕ್ಕುಚೋರಟೆ ಮಣ್ಣಿನೊಳಕ್ಕೆ ಇಳಿದು ತಾನು ಜಗಿದ ಎಲೆಮಣ್ಣಿನಿಂದ ಸಾಸಿವೆಗಿಂತ ತುಸು ದೊಡ್ಡದಾದ ಉಂಡೆಗಳನ್ನು ಕಟ್ಟುತ್ತದೆ. ಒಂದೊಂದು ಉಂಡೆಯೊಳಗೆ ಒಂದೊಂದು ಮೊಟ್ಟೆ. ಆ ಗೋಡೆಯೇ ಮೊಟ್ಟೆಗೆ ತೇವವನ್ನು ಕಾಯುತ್ತದೆ. ಹುಳುವಿನ ಹಿಕ್ಕೆಯೂ ಉಂಡೆಯ ಆಕಾರದ್ದೇ ಆದುದರಿಂದ ಹಿಕ್ಕೆ ಯಾವುದು, ತೊಟ್ಟಿಲು ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಆದ್ದರಿಂದ ಮಡಕೆಯನ್ನು ಶುಚಿಮಾಡುವ ಉತ್ಸಾಹವನ್ನು ಹತ್ತಿಕ್ಕಬೇಕು. ಹಿಕ್ಕೆಯನ್ನು ಹೊರಗೆ ಚೆಲ್ಲಿದವನು ಮುಂದಿನ ಪೀಳಿಗೆಯನ್ನೂ ಚೆಲ್ಲಿರುತ್ತಾನೆ.

ಕೆಲವು ವಾರಗಳಲ್ಲಿ ಉಂಡೆಯನ್ನು ಕೊರೆದು ಹೊರಬರುವ ಮರಿಯನ್ನು ಮಸೂರದ ಸಹಾಯದಿಂದ ನೋಡಿದವರು ಅದನ್ನು ಚೋರಟೆಯ ಮರಿಯೆಂದು ನಂಬಲಾರರು. ಹಾಲಿನಂತೆ ಬಿಳಿ, ಒಂದೆರಡು ಮಿಲಿಮೀಟರು ಉದ್ದ, ಕಾಲುಗಳು ಕೇವಲ ಮೂರು ಜೊತೆ! ಸಹಸ್ರಪದಿ ಷಟ್ಪದಿಯಾಗಿ ಬಾಳನ್ನು ಆರಂಭಿಸುತ್ತದೆ. ಪೊರೆ ಕಳಚಿದಂತೆಲ್ಲ ಬಾಲದ ಹತ್ತಿರ ಹೊಸ ಉಂಗುರಗಳು ಮೂಡಿ, ಅವುಗಳಿಗೆ ಕಾಲುಗಳು ಬರುತ್ತವೆ. ಪ್ರತಿಸಲವೂ ಪ್ರಾಣಿ ಮಣ್ಣಿನಲ್ಲಿ ಗೂಡು ತೋಡಿ ಬಾಗಿಲು ಮುಚ್ಚಿಕೊಳ್ಳುತ್ತದೆ. ದೊಡ್ಡ ಹುಳುವಾದರೆ ಹೀಗೆ ವಾರಗಟ್ಟಲೆ ಇರಬಹುದು. ಹಳೆಯ ಚಿಪ್ಪು ಒಡೆದು ಬಿಳಿಚಿದ ಮೆದು ಮೈ ಹೊರಬಂದಾಗ ಅದರಷ್ಟು ನಿಸ್ಸಹಾಯ ಜೀವಿ ಇನ್ನೊಂದಿಲ್ಲ. ಬೆರಳಿನ ಒತ್ತೂ ಅದಕ್ಕೆ ಮೃತ್ಯು. ಆಮೇಲೆ ಅದು ತಾನು ಕಳಚಿದ ಚಿಪ್ಪನ್ನು ತಾನೇ ತಿಂದು ಸುಣ್ಣವನ್ನು ಹಿಂದಕ್ಕೆ ಪಡೆಯುತ್ತದೆ. ಸಾಕುವವರ ಮಡಕೆಗಳಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈ ಕಾಲದಲ್ಲಿ ಕುತೂಹಲದಿಂದ ಮಣ್ಣು ಕೆದಕಿದ್ದರ ಫಲ.

ಈ ನಿಧಾನವನ್ನು ಸಹಿಸಲಾರದವರು ಜಪಾನಿನ ಉದಾಹರಣೆಯನ್ನು ನೆನೆಯಬಹುದು. ಅಲ್ಲಿಯ ನಡುನಾಡಿನ ಬೆಟ್ಟಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಚೋರಟೆಗಳ ಮಹಾಸೇನೆ ಹೊರಟು, ರೈಲುಹಳಿಗಳ ಮೇಲೆ ಹರಿದು, ಗಾಲಿಗಳಿಗೆ ಸಿಕ್ಕಿ ಹಳಿಯನ್ನು ಜಾರುವಂತೆ ಮಾಡಿ ಬಂಡಿಗಳನ್ನೇ ನಿಲ್ಲಿಸಿಬಿಡುತ್ತಿತ್ತು. ಬಹುಕಾಲದ ಲೆಕ್ಕಾಚಾರದಿಂದ 2021ರಲ್ಲಿ ಖಚಿತವಾದದ್ದೇನೆಂದರೆ, ಆ ಹುಳು ಮೊಟ್ಟೆಯಿಂದ ಮೊಟ್ಟೆಗೆ ತೆಗೆದುಕೊಳ್ಳುವ ಕಾಲ ಸರಿಯಾಗಿ ಎಂಟು ವರ್ಷ. ನಮ್ಮ ತುಕ್ಕುಚೋರಟೆ ಅಷ್ಟು ಕಾಯಿಸುವುದಿಲ್ಲ.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೂ ಉತ್ತರವುಂಟು. ಚೋರಟೆ ತಿಂದ ಎಲೆಯಲ್ಲಿ ಅದರ ಮೈಗೆ ಹತ್ತುವುದು ಸ್ವಲ್ಪ; ಉಳಿದದ್ದೆಲ್ಲ ಪುಡಿಯಾಗಿ, ತೇವ ಹೀರಿ, ಸೂಕ್ಷ್ಮಜೀವಿಗಳಿಂದ ತುಂಬಿದ ಗುಳಿಗೆಗಳಾಗಿ ಹೊರಬೀಳುತ್ತದೆ. ಆ ಗುಳಿಗೆಗಳ ಮೇಲೆ ಬೂಷ್ಟು ಬೆಳೆದ ಮೇಲೆ ಹುಳು ಅವನ್ನು ಮತ್ತೊಮ್ಮೆ ತಿನ್ನುತ್ತದೆ. ದನ ಮೆಲುಕು ಹಾಕುವುದು ಬಾಯಲ್ಲಿ. ಚೋರಟೆ ಮೆಲುಕು ಹಾಕುವುದು ನೆಲದ ಮೇಲೆ. ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಎಂ. ಅಶ್ವಿನಿ ಮತ್ತು ಕೆ. ಆರ್. ಶ್ರೀಧರ್ ಅವರು ಆರ್ತ್ರೋಸ್ಫೀರಾ ಮ್ಯಾಗ್ನಾ ಎಂಬ ಚೆಂಡುಚೋರಟೆಗೆ ತೋಟದ ಎಲೆಕಸವನ್ನು ಉಣಿಸಿ ಅದರಿಂದಾದ ಗೊಬ್ಬರವನ್ನು ಪರೀಕ್ಷಿಸಿದರು. 2002 ಮತ್ತು 2006ರಲ್ಲಿ ಅವರ ಲೇಖನಗಳು ಪ್ರಕಟವಾದವು. ಗೊಬ್ಬರದಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲದ ಪ್ರಮಾಣ ಇಳಿದಿತ್ತು, ಗಿಡಗಳಿಗೆ ಬೇಕಾದ ಪೋಷಕಾಂಶಗಳು ಏರಿದ್ದವು. ಈ ಪ್ರಾಣಿ ಮಳೆಗಾಲದಲ್ಲಿ ಮೇಲೆ ದುಡಿದು, ಬೇಸಿಗೆಯಲ್ಲಿ ಮಣ್ಣಿನ ಆಳಕ್ಕೆ ಇಳಿದು ಮಲಗುತ್ತದೆಂಬುದನ್ನೂ ಅವರು ಗುರುತಿಸಿದರು. ಬ್ರೆಜಿಲ್ ದೇಶದ ಕೃಷಿಸಂಶೋಧನ ಸಂಸ್ಥೆಯಾದ ಎಂಬ್ರಾಪಾದವರಾದರೋ ತುಕ್ಕುಚೋರಟೆಯನ್ನೇ ಹಿಡಿದು, ಹುಲ್ಲು, ಎಲೆ, ರಟ್ಟು ಮುಂತಾದುವನ್ನು ಅದಕ್ಕೆ ತಿನ್ನಿಸಿ, ತರಕಾರಿಯ ಸಸಿಗಳನ್ನು ಎಬ್ಬಿಸುವುದಕ್ಕೆ ಯೋಗ್ಯವಾದ ಗೊಬ್ಬರವನ್ನು ಕೆಲವು ತಿಂಗಳುಗಳಲ್ಲಿ ಪಡೆಯುವ ಕ್ರಮವನ್ನು ರೈತರಿಗೆ ಕಲಿಸಿದ್ದಾರೆ. ಅದಕ್ಕೆ ಅಲ್ಲಿ ಗೊಂಗೊಕಂಪೋಸ್ಟೊ ಎಂದು ಹೆಸರು.

ಈ ಎರಡು ಪ್ರಯೋಗಗಳನ್ನು ಓದಿದೊಡನೆ ಯಾರಾದರೂ ಘಟ್ಟದ ಚೆಂಡುಚೋರಟೆಗಳನ್ನು ಬುಟ್ಟಿಗಟ್ಟಲೆ ಆಯ್ದು ತೋಟದ ಗೊಬ್ಬರಗುಂಡಿಗೆ ಸುರಿಯಲು ಹೊರಟರೆ ಅದು ಕೆಟ್ಟ ವ್ಯಾಪಾರ. ಕಾಡಿನಲ್ಲಿ ಕೂಲಿಯಿಲ್ಲದೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ, ಗುಂಡಿಯಲ್ಲಿ ಅವು ಬದುಕುವ ಭರವಸೆಯೂ ಇಲ್ಲದೆ, ಎರಡೂ ಕಡೆ ನಷ್ಟಪಟ್ಟಂತೆ. ಸೊಪ್ಪಿನಬೆಟ್ಟದ ದರಗನ್ನು ಪ್ರತಿವರ್ಷವೂ ನೆಲ ಕಾಣುವಂತೆ ಕೆರೆದು ತರುವಲ್ಲಿ, ಬೇಸಿಗೆಯಲ್ಲಿ ನೆಲಬೆಂಕಿ ಹರಿಯುವಲ್ಲಿ ಇವುಗಳಿಗೆ ನೆಲೆಯಿಲ್ಲ. ಅಲ್ಲಲ್ಲಿ ಒಂದೊಂದು ಪಟ್ಟಿಯ ಎಲೆಯನ್ನು ಒಂದು ವರ್ಷ ಗುಡಿಸದೆ ಬಿಡುವುದೇ ಇವುಗಳ ನಿಜವಾದ ಸಾಕಣೆಯೆಂದು ನಮ್ಮ ಅಭಿಪ್ರಾಯ. ಅದಕ್ಕೆ ಡಬ್ಬವೂ ಬೇಡ, ಜಾಲರಿಯೂ ಬೇಡ.

ಹಾಗೆಯೇ, ಮಡಕೆಯಲ್ಲಿ ಹುಟ್ಟಿ ಹೆಚ್ಚಿದ ತುಕ್ಕುಚೋರಟೆಗಳನ್ನು ಕಾನಿಗೋ ದೇವರಕಾಡಿಗೋ ಒಯ್ದು ಬಿಡಬಾರದು. ಅದು ಹೊರಗಿನಿಂದ ಬಂದ ಜಾತಿ. ಗೊಬ್ಬರಗುಂಡಿಯೇ ಅದಕ್ಕೆ ಊರು. ಹುಳುಗಳು ಬೇಡವೆನಿಸಿದಾಗ ಹಿಡಿದ ಜಾಗದಲ್ಲಿಯೇ ಬಿಟ್ಟರಾಯಿತು.

ಹುಳುಗಳ ಮೈಮೇಲೆ ಸಣ್ಣ ಬಿಳಿಯ ನುಸಿಗಳು ಓಡಾಡುವುದನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಅವುಗಳಲ್ಲಿ ಬಹುಪಾಲು ಸವಾರಿಗೆ ಬಂದವು, ರಕ್ತಕ್ಕಲ್ಲ. ಮಾರ್ಚ್ ತಿಂಗಳಿಂದ ಮಡಕೆಯ ಮೇಲ್ಭಾಗ ಒಣಗತೊಡಗಿದಂತೆ ಚೋರಟೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಸತ್ತವೆಂದು ತಿಳಿದು ಮಣ್ಣನ್ನು ಕೊಡವಿ ನೋಡಬಾರದು. ಸತ್ತ ಹುಳು ಸಾಮಾನ್ಯವಾಗಿ ಮೇಲೆಯೇ ಮೈಚಾಚಿ ಬಿದ್ದು ವಾಸನೆ ಕೊಡುತ್ತದೆ. ಕೆಳಗಿಳಿದು ಸುರುಳಿಗೊಂಡದ್ದು ಮಲಗಿರುತ್ತದೆ, ಇಲ್ಲವೇ ಪೊರೆ ಕಳಚುತ್ತಿರುತ್ತದೆ. ಮಡಕೆಯ ಒಂದು ಪಕ್ಕದಿಂದ ವಾರಕ್ಕೊಂದು ಲೋಟ ಬಾವಿಯ ನೀರನ್ನು ಮೆಲ್ಲಗೆ ಇಳಿಯಬಿಟ್ಟು, ತಳದ ಮಣ್ಣು ಒಣಗದಂತೆ ನೋಡಿಕೊಂಡು, ಬಿಸಿಲು ತಾಗದ ಕಡೆ ಇಟ್ಟಿರಬೇಕು. ಜೂನ್ ತಿಂಗಳಲ್ಲಿ ಹೊರಗೆ ಮಳೆ ಹಿಡಿದು ನಾಲ್ಕಾರು ರಾತ್ರಿ ಕಳೆದ ಮೇಲೆ ದೀಪ ಹಿಡಿದು ಮಡಕೆಯೊಳಗೆ ನೋಡಿದರೆ, ಹಳೆಯವುಗಳ ನಡುವೆ ದಾರದ ತುಂಡುಗಳಂತಹ ನಸುಗೆಂಪು ಮರಿಗಳು ಎಲೆಯ ಅಂಚನ್ನು ಹಿಡಿದು ಏರುತ್ತಿರುವುದು ಕಾಣಬಹುದು.